ಮೆಣಸಿನಕಾಯಿ ಅಗಿ: ಬೀಜ ಯಾವಾಗ ಹಾಕಬೇಕು, ಹೇಗೆ ಹಾಕಬೇಕು?



ಈ ತಿಂಗಳ ಪಾಠ ಮೆಣಸಿನಕಾಯಿ ಅಗಿ ಬೆಳೆಸುವುದರ ಬಗ್ಗೆ. "ಇದರಾಗ ಕಲಿಯೋದು ಏನೈತ್ರಿ ಸಿಸ್ಟರ್, ನಮ್ಮವ್ವನ ಕಾಲದಿಂದ ಹಾಕ್ತೀವಿ" ಅಂತ ನೀವು ಕೇಳಬಹುದು. ನಿಜ. ಆದರೆ ಅವ್ವನ ಕಾಲದಲ್ಲಿ ಬೀಜ ಮನೆಯ ಗಡಿಗೆಯಿಂದ ಬರುತ್ತಿತ್ತು. ಈಗ ಹೆಚ್ಚಿನವರಿಗೆ ಅಂಗಡಿಯಿಂದ ಬರುತ್ತದೆ. ಆ ಹಣ ಎಷ್ಟೋ ಸಲ ಸಂಘದ ಸಾಲ, ಇಲ್ಲವೇ ಅಂಗಡಿಯ ಉದ್ರಿ. ಅಗಿ ಸತ್ತುಹೋದರೆ ಮತ್ತೆ ಬೀಜ ಸಿಗಬಹುದು, ಹೋದ ಹದ ಸಿಗುವುದಿಲ್ಲ. ಸಾಲದ ಕಂತು ಮಾತ್ರ ತಪ್ಪುವುದಿಲ್ಲ.

ಆದ್ದರಿಂದ ಒಂದು ಮಾತು ನೆನಪಿಡಿ. ಬೀಜ ಹಾಕುವ ದಿನವನ್ನು ಅಂಗಡಿಯವರು ಹೇಳಬಾರದು. ಅಗಿ ಹಚ್ಚುವ ದಿನ ನೋಡಿ ಬೀಜ ಹಾಕಬೇಕು, ನೀರು ನೋಡಿ ಅಗಿ ಹಚ್ಚುವ ದಿನ ಗೊತ್ತು ಮಾಡಬೇಕು.

1. ಯಾವಾಗ? ಹಿಂದಕ್ಕೆ ಎಣಿಸಿರಿ

ಮೆಣಸಿನಕಾಯಿ ಅಗಿ 35ರಿಂದ 45 ದಿನಕ್ಕೆ ಹಚ್ಚಲು ಬರುತ್ತದೆ. ಬೀಜ ಮೊಳೆಯಲು 25ರಿಂದ 30 ಡಿಗ್ರಿ ಶಾಖ ಬೇಕು. ಚಳಿ ದೇಶಗಳಲ್ಲಿ ಈ ಶಾಖಕ್ಕಾಗಿ ಮನೆಯೊಳಗೆ ಬೀಜ ಹಾಕುತ್ತಾರೆ. ನಮ್ಮಲ್ಲಿ ಅದಕ್ಕೆ ತದ್ವಿರುದ್ಧ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಬಯಲಿನಲ್ಲಿ ಹಾಕಿದ ಬೀಜ ಬೆಂದುಹೋಗುತ್ತದೆ. ರೋಹಿಣಿ ಮಳೆ ಬಿದ್ದು ಭೂಮಿ ತಣಿದ ಮೇಲೆ, ಮೃಗಶಿರ ಮಳೆಯಲ್ಲಿ ಬೀಜ ಹಾಕುವುದು ಒಳ್ಳೆಯದು.

ಲೆಕ್ಕ ಹೀಗೆ:
- ಅಗಿ ಹಚ್ಚುವುದು: ಜುಲೈ 25 (ಪುಷ್ಯ ಮಳೆ)
- ಬೀಜ ಹಾಕುವುದು: ಜೂನ್ 15 (40 ದಿನ ಮುಂಚೆ)
- ಬೀಜ ಪರೀಕ್ಷೆ: ಜೂನ್ 1 (ಇನ್ನೂ 14 ದಿನ ಮುಂಚೆ)
- ಬೀಜ ಕೊಳ್ಳುವುದು: ಮೇ ಕೊನೆಯ ವಾರ

ಮಾನ್ವಿ ಕಡೆಯವರು ತುಂಗಭದ್ರಾ ಎಡದಂಡೆ ಕಾಲುವೆಯನ್ನು, ದೇವದುರ್ಗ ಕಡೆಯವರು ನಾರಾಯಣಪುರ ಬಲದಂಡೆ ಕಾಲುವೆಯನ್ನು ನಂಬಿದವರು. ಕೊನೆಭಾಗದ ಹೊಲಕ್ಕೆ ನೀರು ತಡವಾಗಿ ಬರುತ್ತದೆ ಎಂಬುದು ನಿಮಗೇ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ತುಂಬಿದ ನೀರು ನದಿಗೆ ಹರಿದು ಹೋಯಿತು. ಅಂದರೆ ಡ್ಯಾಂ ತುಂಬಿದರೂ ಎಚ್ಚರ ಬೇಕು. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ವಿಚಾರಿಸಿಕೊಂಡೇ ದಿನ ಗೊತ್ತು ಮಾಡಿ.

ನೀರಿನ ಭರವಸೆ ಇಲ್ಲದವರು ಎಲ್ಲ ಬೀಜವನ್ನೂ ಒಂದೇ ದಿನ ಹಾಕಬೇಡಿ. ಅರ್ಧ ಜೂನ್ 15ಕ್ಕೆ, ಉಳಿದರ್ಧ ಜೂನ್ 30ಕ್ಕೆ ಹಾಕಿರಿ. ನೀರು ತಡವಾದರೆ ಎರಡನೆಯ ಅಗಿ ಕೈ ಹಿಡಿಯುತ್ತದೆ. 50 ದಿನ ದಾಟಿ ಬಲಿತ ಅಗಿ ಹಚ್ಚಿದರೆ ಬೇಗ ಬೇರು ಹಿಡಿಯುವುದಿಲ್ಲ.

2. ಬೀಜ ಕೊಳ್ಳುವಾಗ

ಪಾಕೀಟಿನ ಮೇಲೆ ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಮೊಳಕೆ ಪ್ರಮಾಣ ಓದಿರಿ. ಓದಲು ಬಾರದವರಿಗೆ ಸಂಘದ ಪ್ರತಿನಿಧಿ ಓದಿ ಹೇಳಬೇಕು. ಮೆಣಸಿನಕಾಯಿ ಬೀಜಕ್ಕೆ ಕನಿಷ್ಠ 60 ಪ್ರತಿಶತ ಮೊಳಕೆ ಇರಬೇಕೆಂಬ ನಿಯಮವಿದೆ.

ಬಿಲ್ಲು ತಪ್ಪದೇ ಕೇಳಿರಿ. ಅದರಲ್ಲಿ ಯಾರ ಹೆಸರಿದೆ ನೋಡಿರಿ. ಸಾಲ ನಿಮ್ಮ ಹೆಸರಿನಲ್ಲಿದ್ದರೆ ಬಿಲ್ಲೂ ನಿಮ್ಮ ಹೆಸರಿನಲ್ಲಿರಲಿ. ಬಿಲ್ಲು, ಖಾಲಿ ಪಾಕೀಟು, ಒಂದು ಚಿಟಿಕೆ ಬೀಜ, ಈ ಮೂರನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನ ಮಾಡಿ. ಬೀಜ ಕೆಟ್ಟಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ತೋಟಗಾರಿಕೆ ಇಲಾಖೆಗೆ ದೂರು ಕೊಡಲು ಇವೇ ಸಾಕ್ಷಿ. ಉದ್ರಿ ತಂದವರು ಒಂದು ಯೋಚನೆ ಮಾಡಿ: ಬೀಜ ಕೊಟ್ಟವರೇ ನಾಳೆ ಕಾಯಿಗೂ ದರ ಹೇಳಿದರೆ ನಿಮ್ಮ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ?

ಹೈಬ್ರಿಡ್ ಕಾಯಿಯ ಬೀಜ ಇಟ್ಟು ಮರುವರ್ಷ ಹಾಕಬೇಡಿ, ತಾಯಿ ಗಿಡದ ಗುಣ ಬರುವುದಿಲ್ಲ. ಬ್ಯಾಡಗಿ ಡಬ್ಬಿ, ಬ್ಯಾಡಗಿ ಕಡ್ಡಿಯಂಥ ತಳಿಯಾದರೆ ಬೀಜ ಇಡಬಹುದು. ಹೊಲದ ನಡುವಿನ ಆರೋಗ್ಯವಂತ ಗಿಡಗಳಿಂದ ಹಣ್ಣುಗಾಯಿ ಆರಿಸಿ, ಬೀಜ ತೆಗೆದು ನೆರಳಿನಲ್ಲಿ ಒಣಗಿಸಿ. ಮುಟುರು ರೋಗ ಬಂದ ಗಿಡದ ಕಾಯಿ ಬೇಡ.

3. ಹಾಕುವ ಮುಂಚೆ ಪರೀಕ್ಷೆ

25 ಬೀಜ ಎಣಿಸಿ ಒದ್ದೆ ಅರಿವೆಯಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿರಿ. ಬೆಚ್ಚಗಿನ ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ. 14ನೇ ದಿನ ಮೊಳೆತದ್ದು ಎಣಿಸಿ 4ರಿಂದ ಗುಣಿಸಿ. 18 ಮೊಳೆತರೆ 72 ಪ್ರತಿಶತ. ಕೆಂಪು, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧಿ ಇರುತ್ತದೆ. ಅದನ್ನು ಅಡುಗೆಮನೆಯಲ್ಲಿ ಇಡಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಎಷ್ಟು ಬೀಜ ಬೇಕು? ಸಾಲಿನಿಂದ ಸಾಲಿಗೆ ಎರಡೂವರೆ ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಬಿಟ್ಟರೆ ಎಕರೆಗೆ ಸುಮಾರು 8,700 ಅಗಿ. ಸತ್ತಲ್ಲಿ ಮತ್ತೆ ಹಚ್ಚಲು 900 ಸೇರಿಸಿದರೆ 9,600. ನೂರು ಬೀಜದಲ್ಲಿ 70 ಮೊಳೆತು, ಮಡಿಯಲ್ಲಿ 10 ಸತ್ತರೆ ಉಳಿಯುವುದು 60. ಆಗ 16,000 ಬೀಜ ಬೇಕು. ಒಂದು ಗ್ರಾಂನಲ್ಲಿ ಸುಮಾರು 160 ಬೀಜ ಹಿಡಿದರೆ 100 ಗ್ರಾಂ. ತಳಿಯ ಮೇಲೆ ಹೆಚ್ಚುಕಮ್ಮಿ ಆಗುತ್ತದೆ. ಪರೀಕ್ಷೆ ಮಾಡದವರು "ಇರಲಿ" ಅಂತ ಇನ್ನೆರಡು ಪಾಕೀಟು ಹೆಚ್ಚು ತರುತ್ತಾರೆ. ಆ ಎರಡು ಪಾಕೀಟಿಗೂ ಬಡ್ಡಿ ಬೀಳುತ್ತದೆ.

4. ಮಡಿ ಮಾಡುವುದು ಹೇಗೆ?

1. ಹಿಂದಿನ ವರ್ಷ ಮೆಣಸಿನಕಾಯಿ, ಟೊಮ್ಯಾಟೊ, ಬದನೆ ಬೆಳೆಯದ ಜಾಗ ಆರಿಸಿ. 24 ಅಡಿ ಉದ್ದ, 4 ಅಡಿ ಅಗಲ, ಅರ್ಧ ಅಡಿ ಎತ್ತರದ ಏರುಮಡಿ ಮಾಡಿ. ಎಕರೆಗೆ ಇಂಥ 5 ಮಡಿ ಸಾಕು. ಎರಿ ಮಣ್ಣಾದರೆ ಉಸುಕು ಮತ್ತು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿ. ಮಡಿಯಲ್ಲಿ ನೀರು ನಿಂತರೆ ಬುಡ ಕೊಳೆತು ಅಗಿ ಸಾಲಾಗಿ ಮಲಗುತ್ತದೆ.
2. ನಮ್ಮ ಮೇ ತಿಂಗಳ ಬಿಸಿಲನ್ನು ದುಡಿಸಿಕೊಳ್ಳಿ. ಮಡಿಗೆ ನೀರು ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ 4 ವಾರ ಬಿಡಿ. ಆ ಶಾಖಕ್ಕೆ ರೋಗದ ಬೂಸ್ಟು, ಕಳೆ ಬೀಜ ಬಹಳಷ್ಟು ಸಾಯುತ್ತವೆ.
3. ಔಷಧಿ ಹಚ್ಚದ ಬೀಜವಾದರೆ ಕಿಲೋಗೆ 10 ಗ್ರಾಂ ಲೆಕ್ಕದಲ್ಲಿ ಟ್ರೈಕೋಡರ್ಮಾ ಪುಡಿ ಸವರಿ. 100 ಗ್ರಾಂ ಬೀಜಕ್ಕೆ ಒಂದು ಗ್ರಾಂ ಸಾಕು.
4. ಬೀಜ ಚೆಲ್ಲಬೇಡಿ. 4 ಅಂಗುಲಕ್ಕೊಂದು ಗೀರು, ಗೀರಿನಲ್ಲಿ ಅಂಗುಲಕ್ಕೊಂದು ಬೀಜ, ಅರ್ಧ ಅಂಗುಲ ಆಳ. ಮೇಲೆ ಸೋಸಿದ ಗೊಬ್ಬರ ಉದುರಿಸಿ ಭತ್ತದ ಹುಲ್ಲು ಹೊದಿಸಿ. ಝಾರಿಯಿಂದಲೇ ನೀರು ಹಾಕಿ.
5. ಮೊಳಕೆ ಕಾಣಿಸಿದ ಕೂಡಲೇ ಸಂಜೆ ಹೊತ್ತು ಹುಲ್ಲು ತೆಗೆಯಿರಿ. ತಡ ಮಾಡಿದರೆ ಅಗಿ ಬಿಳಿಚಿಕೊಂಡು ಉದ್ದ ಬೆಳೆಯುತ್ತದೆ.
6. ಅದೇ ದಿನ ಬಿದಿರಿನ ದಬ್ಬೆ ಬಗ್ಗಿಸಿ ನೆಟ್ಟು ಒತ್ತಾದ ನೈಲಾನ್ ಪರದೆ (40ರಿಂದ 50 ಮೆಶ್) ಕಟ್ಟಿರಿ. ಮುಟುರು ರೋಗದ ವೈರಸ್ಸನ್ನು ಬಿಳಿನೊಣ ತರುತ್ತದೆ. ರೋಗ ಹತ್ತಿದ ಮೇಲೆ ಅದಕ್ಕೆ ಔಷಧಿ ಇಲ್ಲ. 2021ರಲ್ಲಿ ಕಪ್ಪು ಥ್ರಿಪ್ಸ್ ನುಸಿ ಬಂದು ನಮ್ಮ ಭಾಗದ ಮೆಣಸಿನಕಾಯಿ ಹೊಲಗಳನ್ನು ಹಾಳು ಮಾಡಿದ್ದನ್ನು ಮರೆಯಬೇಡಿ. ಪರದೆ ಒಮ್ಮೆ ಕೊಂಡರೆ ಕೆಲವು ವರ್ಷ ಬರುತ್ತದೆ. ಸಂಘದಿಂದ ಕೊಂಡು ಸರದಿಯಂತೆ ಬಳಸಬಹುದು.
7. ಹಚ್ಚುವ ವಾರ ಮುಂಚೆ ನೀರು ಕಡಿಮೆ ಮಾಡಿ ಅಗಿ ಗಟ್ಟಿ ಮಾಡಿ. ಕೀಳುವ ಹಿಂದಿನ ದಿನ ಚೆನ್ನಾಗಿ ನೀರು ಕೊಟ್ಟು, ಸಂಜೆ ಹೊತ್ತು ಹಚ್ಚಿರಿ.

ರಾಯಚೂರು ನಗರದ ಸಂಘದವರಿಗೆ ಹೊಲ ಇಲ್ಲದಿದ್ದರೂ ಅಡ್ಡಿಯಿಲ್ಲ. ತಳಕ್ಕೆ ತೂತು ಮಾಡಿದ ಹಳೆ ಡಬ್ಬಿಯಲ್ಲಿ ಅಗಿ ಎಬ್ಬಿಸಿ, ಹತ್ತು ಗಿಡ ಹಚ್ಚಿದರೆ ಮನೆ ಖರ್ಚಿಗೆ ಹಸಿಮೆಣಸಿನಕಾಯಿ ಆಗುತ್ತದೆ.

5. ಅಗಿ ಮಾರುವವರಿಗೆ

ಹೊಲ ಇಲ್ಲದ ಸದಸ್ಯರು ಸೇರಿ ಅಗಿ ಬೆಳೆಸಿ ಮಾರಬಹುದು. ಆದರೆ ಮೊದಲು ಗಿರಾಕಿ, ಆಮೇಲೆ ಬೀಜ. ಯಾರಿಗೆ, ಯಾವ ತಳಿ, ಎಷ್ಟು, ಯಾವ ದಿನ ಎಂದು ಬರೆದುಕೊಂಡು ಮುಂಗಡ ಪಡೆಯಿರಿ. ಅನುಮತಿಯ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ಕೇಳಿರಿ. ಮೆಣಸಿನಕಾಯಿ ದರ ನಂಬುವಂಥದ್ದಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಇದ್ದ ಹೊಲಕ್ಕೆಲ್ಲ ಮೆಣಸಿನಕಾಯಿ ಬೇಡ, ತೊಗರಿಗೂ ಜೋಳಕ್ಕೂ ಜಾಗ ಇರಲಿ. ರೋಗ, ತಳಿಗಳ ಬಗ್ಗೆ ಸಂಶಯ ಬಂದರೆ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಇಬ್ಬರು-ಮೂವರು ಕೂಡಿ ಹೋಗಿ ಬನ್ನಿ. ರೋಗದ ಅಗಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿರಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮೂರಿನ ಹೊಲಕ್ಕೆ ಕಳೆದ ಮೂರು ವರ್ಷ ಕಾಲುವೆ ನೀರು ಯಾವ ದಿನ ಮುಟ್ಟಿತು? ಈ ವರ್ಷ ಬೀಜ ಹಾಕುವ ದಿನ ಯಾವುದು?
2. ಬೀಜದ ತಳಿ, ಅಂಗಡಿ ಇವನ್ನು ನಮ್ಮ ಮನೆಯಲ್ಲಿ ಯಾರು ಗೊತ್ತು ಮಾಡುತ್ತಾರೆ? ಮಡಿಗೆ ನೀರು ಹೊರುವವರ ಮಾತು ಕೇಳುತ್ತಾರೆಯೇ?
3. ಪರದೆಯನ್ನು ಸಂಘದಿಂದ ಕೊಳ್ಳೋಣವೇ?

ಮನೆಗೆಲಸ: ಪ್ರತಿ ಸದಸ್ಯೆ 25 ಬೀಜ ಅರಿವೆಯಲ್ಲಿ ಕಟ್ಟಿ, ಮೊಳೆತ ಲೆಕ್ಕವನ್ನು ಮುಂದಿನ ಸಭೆಗೆ ತರಬೇಕು. ಬೀಜದ ಹೆಸರು, ಅಂಗಡಿ, ಮೊಳಕೆ ಪ್ರಮಾಣವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮೂರು ವರ್ಷ ಹೀಗೆ ಬರೆದಿಟ್ಟರೆ ಯಾವ ಬೀಜ ನಂಬಬೇಕು ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ.