ಜೀವವಿಜ್ಞಾನ ಪದವೀಧರರ ಮುಂದಿರುವ ಹಾದಿಗಳು

ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಂಡ ಮಗನೋ ಮಗಳೋ ವೈದ್ಯರೇ ಆಗಬೇಕೆಂಬುದು ಬಹುಪಾಲು ಮನೆಗಳಲ್ಲಿ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ. 2024ರಲ್ಲಿ ವೈದ್ಯಕೀಯ ಪ್ರವೇಶಕ್ಕಾಗಿ ನಡೆದ ನೀಟ್ ಪರೀಕ್ಷೆಗೆ 23 ಲಕ್ಷಕ್ಕೂ ಹೆಚ್ಚು ಮಂದಿ ಕುಳಿತಿದ್ದರು. ಆ ವರ್ಷ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಸ್ಥಾನ. ಉಳಿದವರಲ್ಲಿ ಅನೇಕರು ಬಿ.ಎಸ್‌ಸಿ. ತರಗತಿಯನ್ನು ಪ್ರವೇಶಿಸುವುದು ಸೋತವರ ಮನಸ್ಸಿನಿಂದ. ಪದವಿಯ ಮೊದಲೆರಡು ವರ್ಷಗಳು ಈ ಬೇಸರದಲ್ಲಿಯೇ ಕಳೆದುಹೋಗುತ್ತವೆ. ಮುಂದಿನ ಹಾದಿಗಳ ಬಗೆಗೆ ವಿಚಾರಿಸಲು ತೊಡಗುವ ವೇಳೆಗೆ ಕೆಲವು ಬಾಗಿಲುಗಳು ಮುಚ್ಚಿರುತ್ತವೆ.

ರೋಗಿಯ ಪಕ್ಕದಲ್ಲಿ ನಿಲ್ಲುವ ವೈದ್ಯನ ಹಿಂದೆ ಜೀವವಿಜ್ಞಾನಿಗಳ ದೊಡ್ಡದೊಂದು ಪಡೆಯೇ ಇರುತ್ತದೆ ಎಂಬುದಕ್ಕೆ ಮಲೆನಾಡಿನ ಮಂಗನ ಕಾಯಿಲೆಯೇ ನಿದರ್ಶನ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಂಚಿನ ಹಳ್ಳಿಗಳ ಜನರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಇದರ ತನಿಖೆಗೆ ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಮಂಗಗಳ ಸಾವನ್ನು ಕಂಡು ಮೊದಲಿಗೆ ಹಳದಿ ಜ್ವರದ ಶಂಕೆ ಮೂಡಿತ್ತು. ಪ್ರಯೋಗಾಲಯದಲ್ಲಿ ಪ್ರತ್ಯೇಕಿಸಿ ನೋಡಿದಾಗ ಅದು ಅದುವರೆಗೆ ತಿಳಿಯದಿದ್ದ ಹೊಸ ವೈರಾಣು ಎಂಬುದು ಖಚಿತವಾಯಿತು. ಆದರೆ ವೈರಾಣುವಿಗೆ ಹೆಸರಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಹರಡುವ ಉಣುಗು ಯಾವ ಪ್ರಭೇದದ್ದು, ಅದರ ಮರಿಗಳು ಯಾವ ಇಲಿ, ಹೆಗ್ಗಣ, ಹಕ್ಕಿಗಳ ಮೈಮೇಲೆ ಬೆಳೆಯುತ್ತವೆ, ಕಾಡು ಕಡಿದು ದನ ಮೇಯಿಸುವ ಜಾಗಗಳಲ್ಲಿ ಉಣುಗುಗಳ ಸಂಖ್ಯೆ ಏಕೆ ಏರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರಾಣಿಶಾಸ್ತ್ರ, ಕೀಟಶಾಸ್ತ್ರ, ಪರಿಸರ ವಿಜ್ಞಾನಗಳನ್ನು ಬಲ್ಲವರು ಬೇಕಾದರು. ಔಷಧದ ಚೀಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಅವರಿಲ್ಲದೆ ರೋಗದ ಮೂಲವೂ ತಿಳಿಯುವುದಿಲ್ಲ.

ಹೀಗೆಂದು ಬರಿಯ ಬಿ.ಎಸ್‌ಸಿ. ಪದವಿಯನ್ನು ಹಿಡಿದು ಹೊರಟವರಿಗೆಲ್ಲ ಇಂತಹ ಕೆಲಸ ದೊರೆಯುತ್ತದೆಂದು ಹೇಳಿದರೆ ತಪ್ಪಾದೀತು. ಸಂಶೋಧನೆಯ ಹಾದಿ ದೀರ್ಘವಾದುದು. ಪದವಿಗೆ ಮೂರು ವರ್ಷ, ಸ್ನಾತಕೋತ್ತರ ವ್ಯಾಸಂಗಕ್ಕೆ ಎರಡು ವರ್ಷ, ಪಿಎಚ್.ಡಿ.ಗೆ ಐದು ಅಥವಾ ಇನ್ನೂ ಹೆಚ್ಚು. "ಇನ್ನೂ ಎಷ್ಟು ವರ್ಷ ಓದುವುದು?" ಎಂದು ಮನೆಯ ಹಿರಿಯರು ಕೇಳುವುದು ಅನ್ಯಾಯವಲ್ಲ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ವರ್ಷಗಳ ಲೆಕ್ಕದಲ್ಲಿ ಹುಡುಕಬಾರದು; ಶಿಷ್ಯವೇತನ ಯಾವ ವರ್ಷದಿಂದ ಆರಂಭವಾಗುತ್ತದೆ ಎಂಬುದರಲ್ಲಿ ಹುಡುಕಬೇಕು. ಈ ಲೆಕ್ಕವನ್ನು ಮೊದಲೇ ಹಾಕಿಕೊಂಡ ಸಾಧಾರಣ ಆದಾಯದ ಕುಟುಂಬವೂ ಧೈರ್ಯವಾಗಿ ಮಕ್ಕಳನ್ನು ಈ ದಾರಿಯಲ್ಲಿ ಕಳುಹಿಸಬಹುದು.

ಪದವಿಯ ಮೊದಲ ವರ್ಷದಲ್ಲಿಯೇ ದೊರೆಯಬಹುದಾದ ನೆರವು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆಯದು. ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ ಒಂದರಷ್ಟು ವಿದ್ಯಾರ್ಥಿಗಳ ಸಾಲಿನಲ್ಲಿದ್ದು ಮೂಲವಿಜ್ಞಾನವನ್ನು ಓದುವವರಿಗೆ ವರ್ಷಕ್ಕೆ ಒಟ್ಟು 80,000 ರೂಪಾಯಿಗಳ ನೆರವನ್ನು ಈ ಯೋಜನೆಯಲ್ಲಿ ಗೊತ್ತುಪಡಿಸಲಾಗಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಆಯಾ ಮಂಡಳಿಯೊಳಗಿನ ಸ್ಥಾನ. ಆದುದರಿಂದ ಮಹಾರಾಷ್ಟ್ರದ ಮಂಡಳಿಯಲ್ಲಿ ಓದಿದ ಕನ್ನಡಿಗ ವಿದ್ಯಾರ್ಥಿ ಅಲ್ಲಿಯ ಸಹಪಾಠಿಗಳೊಡನೆ ಮಾತ್ರ ಸ್ಪರ್ಧಿಸುತ್ತಾನೆ. ಬೇಸಿಗೆ ರಜೆಯನ್ನೂ ವ್ಯರ್ಥಮಾಡಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆಗೂಡಿ ನೀಡುವ ಬೇಸಿಗೆ ಸಂಶೋಧನಾ ವೇತನವನ್ನು ಪಡೆದ ವಿದ್ಯಾರ್ಥಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ದುಡಿಯಬಹುದು. ಮುಂದೆ ಸಂದರ್ಶನಗಳಲ್ಲಿ ಈ ಎರಡು ತಿಂಗಳ ಅನುಭವ ಅಂಕಪಟ್ಟಿಗಿಂತ ಹೆಚ್ಚು ಬೆಲೆ ಬಾಳುವುದುಂಟು.

ಪದವಿಯ ನಂತರದ ಹಾದಿಗಳಲ್ಲಿ ಅತ್ಯಂತ ಕಡಿಮೆ ಪ್ರಚಾರದಲ್ಲಿರುವುದು, ಆದರೆ ಹಣದ ಅಡಚಣೆಯಿರುವ ವಿದ್ಯಾರ್ಥಿಗೆ ಅತ್ಯಂತ ಉಪಯುಕ್ತವಾದುದು, ಸಂಯುಕ್ತ ಪಿಎಚ್.ಡಿ. ಶಿಕ್ಷಣಕ್ರಮ. ಬಿ.ಎಸ್‌ಸಿ. ಮುಗಿಸಿದವರನ್ನೇ ನೇರವಾಗಿ ಸೇರಿಸಿಕೊಂಡು, ಸ್ನಾತಕೋತ್ತರ ಪಾಠಗಳನ್ನು ಮೊದಲು ಕಲಿಸಿ, ಅದೇ ಸಂಸ್ಥೆಯಲ್ಲಿ ಸಂಶೋಧನೆಗೆ ಮುಂದುವರಿಸುವ ವ್ಯವಸ್ಥೆಯಿದು. ಇಲ್ಲಿ ಶಿಷ್ಯವೇತನವು ಸೇರಿದ ವರ್ಷದಿಂದಲೇ ಆರಂಭವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನದ ಈ ಕ್ರಮಕ್ಕೆ ಐ.ಐ.ಟಿ.ಗಳು ಸರದಿಯಂತೆ ನಡೆಸುವ ಜಾಮ್ ಪರೀಕ್ಷೆಯ ಮೂಲಕ ಪ್ರವೇಶ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಮುಂಬಯಿಯ ತನ್ನ ಜೀವವಿಜ್ಞಾನ ವಿಭಾಗಕ್ಕೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೂ ತನ್ನದೇ ಪರೀಕ್ಷೆಯನ್ನು ನಡೆಸುತ್ತದೆ. ಎರಡಕ್ಕೂ ಅರ್ಜಿ ಹಾಕಬೇಕಾದದ್ದು ಪದವಿಯ ಅಂತಿಮ ವರ್ಷದಲ್ಲಿ. ಫಲಿತಾಂಶ ಬಂದ ಮೇಲೆ ಹಾಕಿದರಾಯಿತು ಎಂದುಕೊಂಡವರಿಗೆ ಒಂದು ವರ್ಷ ನಷ್ಟ.

ಎಂ.ಎಸ್‌ಸಿ. ಮಾಡಬಯಸುವವರಿಗೆ 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯಿದೆ. ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಡೆಯುವ ಎಂ.ಎಸ್‌ಸಿ. ಶಿಕ್ಷಣಕ್ರಮಗಳಿಗೆ ಗ್ಯಾಟ್-ಬಿ ಪರೀಕ್ಷೆಯನ್ನು ಬೇರೆಯಾಗಿ ಬರೆಯಬೇಕು. ಆಯ್ಕೆಯಾದವರಿಗೆ ಮಾಸಿಕ ವೇತನವೂ ಉಂಟು.

ಇನ್ನು ಸಂಶೋಧನೆಗೂ ಅಧ್ಯಾಪನಕ್ಕೂ ಹೆಬ್ಬಾಗಿಲಿನಂತಿರುವುದು ಸಿ.ಎಸ್.ಐ.ಆರ್. ಸಂಸ್ಥೆಯ ನೆಟ್ ಪರೀಕ್ಷೆ. ಇದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಹಿರಿಯ ಶ್ರೇಣಿಗೆ ಬಡ್ತಿ ಪಡೆದ ನಂತರದ ಮೂರು ವರ್ಷ 42,000 ರೂಪಾಯಿ ದೊರೆಯುತ್ತದೆ. ಇದು 2023ರ ಜನವರಿ 1ರಿಂದ ಜಾರಿಗೆ ಬಂದ ದರ. ಮನೆ ಬಾಡಿಗೆ ಭತ್ಯೆ ಬೇರೆ. ಜೀವವಿಜ್ಞಾನದ ಪ್ರಶ್ನೆಪತ್ರಿಕೆಗೆ 200 ಅಂಕಗಳು. ಕೊಟ್ಟಿರುವ 145 ಪ್ರಶ್ನೆಗಳಲ್ಲಿ ಉತ್ತರಿಸಬೇಕಾದದ್ದು 75ಕ್ಕೆ ಮಾತ್ರ. ಮೊದಲ ಭಾಗ ಸಾಮಾನ್ಯ ತರ್ಕ ಮತ್ತು ಗಣಿತದ್ದು, ಎರಡನೆಯದು ವಿಷಯಜ್ಞಾನದ್ದು. ಮೂರನೆಯ ಭಾಗದಲ್ಲಿ 75 ಪ್ರಶ್ನೆಗಳಿಂದ 25ನ್ನು ಆರಿಸಿಕೊಳ್ಳಬೇಕು. ಒಂದೊಂದಕ್ಕೆ ನಾಲ್ಕು ಅಂಕ. ಅಂದರೆ ಅರ್ಧದಷ್ಟು ಅಂಕಗಳು ಈ ಭಾಗದಲ್ಲಿಯೇ ಇವೆ. ಇಲ್ಲಿ ಕಂಠಪಾಠ ಕೈಹಿಡಿಯುವುದಿಲ್ಲ. ಒಂದು ಪ್ರಯೋಗದ ವಿವರವನ್ನೋ ನಕ್ಷೆಯನ್ನೋ ಕೊಟ್ಟು, ಅದರಿಂದ ಏನನ್ನು ಊಹಿಸಬಹುದು ಎಂದು ಕೇಳಲಾಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದರಿಂದ ಎಲ್ಲವನ್ನೂ ಮುಟ್ಟುವ ಚಪಲ ಒಳ್ಳೆಯದಲ್ಲ. ಸಸ್ಯಶಾಸ್ತ್ರ ಓದಿದವರು ಪ್ರಾಣಿಶಾಸ್ತ್ರದ ಪಾಠಗಳನ್ನೆಲ್ಲ ಮೊದಲಿನಿಂದ ಕಲಿಯಬೇಕೆಂದು ಹೆದರುವುದುಂಟು. ಆಯ್ಕೆಗೆ ಇಷ್ಟು ಅವಕಾಶವಿರುವಾಗ ನಾಲ್ಕಾರು ಘಟಕಗಳನ್ನು ಆಳವಾಗಿ ಓದುವುದೇ ಮೇಲು. ಸಂಖ್ಯಾಶಾಸ್ತ್ರವನ್ನು ಮಾತ್ರ ಯಾರೂ ಬಿಡುವಂತಿಲ್ಲ. ಗಣಿತದಿಂದ ತಪ್ಪಿಸಿಕೊಳ್ಳಲೆಂದು ಜೀವಶಾಸ್ತ್ರಕ್ಕೆ ಬಂದವರನ್ನು ಗಣಿತವು ಇಲ್ಲಿಗೂ ಬೆನ್ನಟ್ಟಿಕೊಂಡು ಬರುತ್ತದೆ.

ಈ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ ಬಂದವರಿಗೆ ಇದು ತೊಡಕೆನಿಸುವುದು ಸಹಜ. ಕೋಶ, ವರ್ಣತಂತು, ದ್ಯುತಿಸಂಶ್ಲೇಷಣೆ ಮುಂತಾಗಿ ಕನ್ನಡದಲ್ಲಿ ಅರಿತ ಪದಗಳ ಎದುರಿಗೆ ಇಂಗ್ಲಿಷ್ ಪದಗಳನ್ನು ಬರೆದಿಟ್ಟುಕೊಂಡ ಒಂದು ನೋಟುಪುಸ್ತಕವನ್ನು ಪದವಿಯ ಮೊದಲ ದಿನದಿಂದ ಇಟ್ಟುಕೊಂಡರೆ ಈ ತೊಡಕು ಒಂದೆರಡು ವರ್ಷಗಳಲ್ಲಿ ನಿವಾರಣೆಯಾಗುತ್ತದೆ. ವಿಷಯವನ್ನು ತಾಯಿನುಡಿಯಲ್ಲಿ ಅರಿತಿರುವುದು ಕೊರತೆಯಲ್ಲ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಒಂದು ಅನುಕೂಲವಿದೆ: ದೇಶದ ಹೆಸರಾಂತ ಪ್ರಯೋಗಾಲಯಗಳು ಅವರು ಬಾಳುವ ನಗರಗಳಲ್ಲಿಯೇ ಇವೆ. ಪುಣೆಯಲ್ಲಿ ಮೇಲೆ ಹೇಳಿದ ವೈರಾಣು ಸಂಸ್ಥೆಯಲ್ಲದೆ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ, ಅಘಾರಕರ್ ಸಂಶೋಧನಾ ಸಂಸ್ಥೆಗಳಿವೆ. ಮುಂಬಯಿಯಲ್ಲಿ 1899ರಲ್ಲಿ ಪ್ಲೇಗ್ ಸಂಶೋಧನೆಗಾಗಿ ಹುಟ್ಟಿದ ಹಾಫ್‌ಕಿನ್ ಸಂಸ್ಥೆ, ಮೀನುಗಾರಿಕೆಯ ಉನ್ನತ ಶಿಕ್ಷಣಕ್ಕೆ ಮೀಸಲಾದ ವರ್ಸೋವಾದ ಕೇಂದ್ರೀಯ ಸಂಸ್ಥೆ, 1883ರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇವೆ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಅವರು ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಸ್ವದೇಶಿಯಾಗಿ ರೂಪಿಸಿದರು. ಅದೇ ನಗರದ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಅಲ್ಲಿಗೆ ಸ್ಥಳಾಂತರಗೊಂಡಿತು. ಕ್ಷಯರೋಗಿಯನ್ನು ಮನೆಯಲ್ಲಿಯೇ ಇಟ್ಟು ಗುಣಪಡಿಸಬಹುದೆಂದು ಜಗತ್ತಿಗೆ ತೋರಿಸಿಕೊಟ್ಟದ್ದು 1956ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ಕೇಂದ್ರ. ದೆಹಲಿಯಲ್ಲಿ ರಾಷ್ಟ್ರೀಯ ರೋಗನಿರೋಧ ವಿಜ್ಞಾನ ಸಂಸ್ಥೆ, ಪೂಸಾದ ಕೃಷಿ ಸಂಶೋಧನಾ ಸಂಸ್ಥೆಗಳಿವೆ. ಇಂತಹ ಕಡೆಗಳಲ್ಲಿ ಅಲ್ಪಾವಧಿಯ ಯೋಜನೆಗಳಿಗೆ ಸಹಾಯಕರನ್ನು ಆಗಾಗ ನೇಮಿಸಿಕೊಳ್ಳಲಾಗುತ್ತದೆ. ಮನೆಯಿಂದ ಓಡಾಡುವ ವಿದ್ಯಾರ್ಥಿಗೆ ವಸತಿಯ ವೆಚ್ಚವಿಲ್ಲದ ಕಾರಣ ಸಣ್ಣ ವೇತನವೂ ಸಾಕಾಗುತ್ತದೆ.

ಪ್ರಯೋಗಾಲಯದೊಳಗೆ ಕೂರಲೊಲ್ಲದವರಿಗೆ ಭಾರತೀಯ ಅರಣ್ಯ ಸೇವೆಯಿದೆ. ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರವನ್ನು ಪದವಿಯಲ್ಲಿ ಓದಿದವರು ಇದಕ್ಕೆ ಅರ್ಹರು. 2013ರಿಂದ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯೇ ಇದಕ್ಕೂ ಮೊದಲ ಮೆಟ್ಟಿಲು. ಲಿಖಿತ ಪರೀಕ್ಷೆ ಗೆದ್ದವರು ನಾಲ್ಕು ಗಂಟೆಗಳಲ್ಲಿ ಪುರುಷರಾದರೆ 25 ಕಿಲೋಮೀಟರ್, ಮಹಿಳೆಯರಾದರೆ 14 ಕಿಲೋಮೀಟರ್ ನಡೆದು ತೋರಿಸಬೇಕು, ತರಬೇತಿ ಡೆಹ್ರಾಡೂನಿನಲ್ಲಿ. ವನ್ಯಜೀವಿಗಳ ಅಧ್ಯಯನವನ್ನೇ ವೃತ್ತಿಯಾಗಿ ಬಯಸುವವರಿಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿಯೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಎಂ.ಎಸ್‌ಸಿ. ಶಿಕ್ಷಣಕ್ರಮಗಳಿವೆ. ಬೆಂಗಳೂರಿನದಕ್ಕೆ ಪ್ರವೇಶ ಎರಡು ವರ್ಷಗಳಿಗೊಮ್ಮೆ ಎಂಬುದನ್ನು ಮರೆಯಬಾರದು.

ವಿಷಯದ ಆಯ್ಕೆ ಎಷ್ಟು ದೂರದವರೆಗೆ ಪರಿಣಾಮ ಬೀರುತ್ತದೆ ಎಂಬುದಕ್ಕೆ ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಯನ್ನು ನೋಡಬಹುದು. 2011ರ ನಿಯಮಗಳ ಪ್ರಕಾರ ಜೈವಿಕ ತಂತ್ರಜ್ಞಾನ, ಜೀವರಸಾಯನ ಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರ ತಂತ್ರಜ್ಞಾನ ಮೊದಲಾದ ಪದವಿಗಳು ಇದಕ್ಕೆ ಸಲ್ಲುತ್ತವೆ. ಆ ಪಟ್ಟಿಯಲ್ಲಿ ಸಸ್ಯಶಾಸ್ತ್ರವಾಗಲಿ ಪ್ರಾಣಿಶಾಸ್ತ್ರವಾಗಲಿ ಇಲ್ಲ. ಅರಣ್ಯ ಸೇವೆಗೆ ಸಲ್ಲುವ ಪದವಿ ಇಲ್ಲಿ ಸಲ್ಲದು. ಹದಿನೆಂಟರ ವಯಸ್ಸಿನಲ್ಲಿ ಗೆಳೆಯರ ಜೊತೆ ಬಿಡಬಾರದೆಂದು ಆರಿಸಿಕೊಂಡ ವಿಷಯಗಳ ಜೋಡಣೆಯು ಹೀಗೆ ಇಪ್ಪತ್ತೈದರ ವಯಸ್ಸಿನಲ್ಲಿ ಅರ್ಜಿಯನ್ನೇ ತಡೆಯಬಲ್ಲದು. ಕಾಲೇಜಿಗೆ ಸೇರುವ ಮುನ್ನ ಬಯಸುವ ಹುದ್ದೆಯ ನೇಮಕಾತಿ ನಿಯಮವನ್ನು ಒಮ್ಮೆ ಓದಿಕೊಳ್ಳುವುದು ಲೇಸು. ನ್ಯಾಯವಿಜ್ಞಾನ ಪ್ರಯೋಗಾಲಯಗಳಿಗೂ ಲಸಿಕೆ ಮತ್ತು ಔಷಧ ತಯಾರಿಕೆಯ ಗುಣಮಟ್ಟ ಪರೀಕ್ಷೆಯ ವಿಭಾಗಗಳಿಗೂ ಈ ಮಾತು ಅನ್ವಯಿಸುತ್ತದೆ.

ಅಧ್ಯಾಪಕರಾಗಬಯಸುವವರು ಶೇಕಡಾ 55 ಅಂಕಗಳೊಡನೆ ಎಂ.ಎಸ್‌ಸಿ. ಮುಗಿಸಿ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹೊರನಾಡ ಕನ್ನಡಿಗರು ಎಡವುವುದು ಇಲ್ಲಿಯೇ. ಸೆಟ್ ಅರ್ಹತೆ ಅದನ್ನು ನಡೆಸಿದ ರಾಜ್ಯದ ಸಂಸ್ಥೆಗಳಿಗೆ ಮಾತ್ರ ಸೀಮಿತ. ಮಹಾರಾಷ್ಟ್ರದ ಸೆಟ್ ಪಡೆದವರು ಮುಂದೆ ಧಾರವಾಡಕ್ಕೋ ಮೈಸೂರಿಗೋ ಮರಳಬಯಸಿದರೆ ಕರ್ನಾಟಕದ ಪರೀಕ್ಷೆಯನ್ನು ಮತ್ತೆ ಬರೆಯಬೇಕಾಗುತ್ತದೆ. ನೆಟ್ ಆದರೆ ದೇಶದಾದ್ಯಂತ ಸಲ್ಲುತ್ತದೆ.

ಜಾತಿ ಪ್ರಮಾಣಪತ್ರದ ವಿಚಾರದಲ್ಲಿಯೂ ಇಂತಹದೇ ಗೊಂದಲವಿದೆ. ಕರ್ನಾಟಕದಿಂದ ವಲಸೆ ಹೋದ ಪರಿಶಿಷ್ಟ ಜಾತಿ ಅಥವಾ ಹಿಂದುಳಿದ ವರ್ಗದ ಕುಟುಂಬಕ್ಕೆ ನೆಲೆಸಿದ ರಾಜ್ಯದ ಮೀಸಲಾತಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಕೇಂದ್ರದ ಪರೀಕ್ಷೆಗಳಿಗೆ ಮೂಲರಾಜ್ಯದ ಆಧಾರದ ಮೇಲೆ ಅದು ದೊರೆಯುತ್ತದೆ. ಆದರೆ ಹಿಂದುಳಿದ ವರ್ಗದವರ ಪ್ರಮಾಣಪತ್ರವು ಕೇಂದ್ರ ಸರ್ಕಾರದ ನಮೂನೆಯಲ್ಲಿ, ಅರ್ಜಿಯಲ್ಲಿ ಸೂಚಿಸಿದ ಅವಧಿಯೊಳಗೆ ಪಡೆದದ್ದಾಗಿರಬೇಕು. ಊರಿನ ತಾಲ್ಲೂಕು ಕಛೇರಿಯಿಂದ ಕಾಗದ ತರಿಸಲು ವಾರಗಳೇ ಹಿಡಿಯಬಹುದಾದುದರಿಂದ, ಪರೀಕ್ಷೆಯ ಪ್ರಕಟಣೆಗಾಗಿ ಕಾಯದೆ ರಜೆಯಲ್ಲಿ ಊರಿಗೆ ಹೋದಾಗಲೇ ಆ ಕೆಲಸವನ್ನು ಮುಗಿಸಿಕೊಂಡು ಬರುವುದು ಉಚಿತ.