ಸಂಶೋಧನಾ ದಾದಿ

ಮನುಷ್ಯನ ಮೂಳೆಗಳ ಒಳಗೆ ಮಜ್ಜೆಯೆಂಬ ಮೃದುವಾದ ಪದಾರ್ಥವುಂಟು. ರಕ್ತದ ಕೆಂಪು ಕಣಗಳು, ಬಿಳಿಯ ಕಣಗಳು, ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಇವೆಲ್ಲಕ್ಕೂ ಅದೇ ತವರು. ಈ ತವರಿನಲ್ಲಿ ಬಿಳಿಯ ಕಣಗಳು ಅಂಕೆಯಿಲ್ಲದೆ ಹುಟ್ಟತೊಡಗಿ, ಬಲಿಯುವ ಮುನ್ನವೇ ರಕ್ತಕ್ಕೆ ನುಗ್ಗಿ, ಉಳಿದ ಕಣಗಳಿಗೆ ಎಡೆಯೇ ಇಲ್ಲದಂತೆ ಮಾಡಿದರೆ ಅದು ರಕ್ತದ ಅರ್ಬುದ. ಕೆಂಪು ಕಣಗಳು ಕಡಿಮೆಯಾಗಿ ರೋಗಿ ಬಿಳಿಚಿಕೊಳ್ಳುತ್ತಾನೆ; ಕಿರುಬಿಲ್ಲೆಗಳು ಕಡಿಮೆಯಾಗಿ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಒಸರುತ್ತದೆ; ಬಿಳಿಯ ಕಣಗಳು ಎಣಿಕೆಗೆ ಎಷ್ಟಿದ್ದರೂ ಕೆಲಸಕ್ಕೆ ಬಾರದವಾದ ಕಾರಣ ಸಣ್ಣದೊಂದು ಸೋಂಕೂ ಮಾರಕವಾಗುತ್ತದೆ. ರಕ್ತದ ಅರ್ಬುದಗಳಲ್ಲಿ ಹಲವು ಬಗೆಗಳಿವೆ. ಇಲ್ಲಿ ಹೇಳಿದುದು ಮಕ್ಕಳನ್ನು ಹೆಚ್ಚಾಗಿ ಹಿಡಿಯುವ ತೀವ್ರ ಬಗೆ. 1847ರಲ್ಲಿ ಜರ್ಮನಿಯ ವಿರ್ಷೋ ಎಂಬ ವೈದ್ಯರು ಈ ರೋಗಗುಂಪಿಗೆ ‘ಲ್ಯುಕೇಮಿಯ’, ಎಂದರೆ ‘ಬಿಳಿ ರಕ್ತ’, ಎಂದು ಹೆಸರಿಟ್ಟರು. ಹೆಸರು ದೊರೆತು ನೂರು ವರ್ಷ ಕಳೆದರೂ ಮಕ್ಕಳನ್ನು ಉಳಿಸುವ ಔಷಧ ದೊರೆಯಲಿಲ್ಲ.

ಮೊದಲ ಬೆಳಕು ಕಾಣಿಸಿದುದು ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ. ಅಲ್ಲಿನ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರು, ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಕೊಟ್ಟರೆ ಈ ರೋಗ ಇಳಿಯುವ ಬದಲು ಏರುವಂತೆ ತೋರಿದುದನ್ನು ಗಮನಿಸಿದರು. ಹಾಗಿದ್ದರೆ ಆ ಜೀವಸತ್ವವನ್ನು ತಡೆಯುವ ವಸ್ತುವೊಂದನ್ನು ಕೊಟ್ಟು ನೋಡಬಾರದೇಕೆ? ಅಂಥ ವಸ್ತುವನ್ನು ತಯಾರಿಸಿಕೊಟ್ಟವರು ಲೆಡರ್ಲೆ ಪ್ರಯೋಗಶಾಲೆಯವರು. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಫಾರ್ಬರ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು: ಔಷಧ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು. ಆದರೆ ಆ ಚೇತರಿಕೆ ಕೆಲವು ತಿಂಗಳದು ಮಾತ್ರ; ರೋಗ ಮರಳಿ ಬಂದಿತು. ಅದೇ ವರ್ಷ ಸುಬ್ಬರಾವ್ ಅವರೂ ತೀರಿಕೊಂಡರು. ತಮ್ಮ ಪ್ರಯೋಗಶಾಲೆಯ ಈ ಔಷಧ ಮುಂದೆ ಎಲ್ಲಿಯವರೆಗೆ ದಾರಿ ತೆರೆಯಿತೆಂಬುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅಲ್ಲಿಂದ ಮುಂದಿನದು ಒಬ್ಬರ ಸಾಧನೆಯ ಕಥೆಯಲ್ಲ. 1960ರ ದಶಕದ ಮೊದಲಲ್ಲಿ ಬೆಥೆಸ್ಡದ ಸಂಶೋಧನಾ ಆಸ್ಪತ್ರೆಯಲ್ಲಿ ಫ್ರೈರೈಕ್ ಮತ್ತು ಫ್ರೈ ಎಂಬ ವೈದ್ಯರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವ ಸಾಹಸಕ್ಕೆ ಕೈಹಾಕಿದರು. ಈ ಔಷಧಗಳು ರೋಗದ ಕಣಗಳನ್ನಷ್ಟೇ ಅಲ್ಲ, ಒಳ್ಳೆಯ ಕಣಗಳನ್ನೂ ಕೊಲ್ಲುತ್ತವೆ. ಮಗುವನ್ನು ಸಾವಿನ ಅಂಚಿಗೆ ಕೊಂಡೊಯ್ದು ಹಿಂದಕ್ಕೆ ತರಬೇಕು. ಔಷಧವನ್ನು ಬರೆದುಕೊಡುವುದು ವೈದ್ಯರ ಕೆಲಸ. ಆದರೆ ನಡುರಾತ್ರಿಯಲ್ಲಿ ಜ್ವರ ಅರ್ಧ ಡಿಗ್ರಿ ಏರಿದುದನ್ನು, ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆ ಮೂಡಿದುದನ್ನು, ದಿಂಬಿಗೆ ರಕ್ತ ತಾಗಿದುದನ್ನು ಮೊದಲು ಕಾಣುವವಳು ದಾದಿ. ಅವಳು ಕಾಣದಿದ್ದರೆ ಪರೀಕ್ಷೆಯೂ ಇಲ್ಲ, ಮಗುವೂ ಇಲ್ಲ.

ಹೊಸ ಔಷಧವೊಂದು ಸರ್ವರ ಬಳಕೆಗೆ ಬರುವ ಮುನ್ನ ಮೂರು ಮೆಟ್ಟಿಲುಗಳನ್ನು ಏರಬೇಕು. ಎಷ್ಟು ಪ್ರಮಾಣ ಕೊಟ್ಟರೆ ದೇಹ ತಾಳುತ್ತದೆ ಎಂಬುದನ್ನು ಕೆಲವೇ ರೋಗಿಗಳಲ್ಲಿ ನೋಡುವುದು ಮೊದಲನೆಯದು. ಅದು ರೋಗಕ್ಕೆ ನಾಟುತ್ತದೆಯೇ ಎಂಬುದು ಎರಡನೆಯದು. ಈಗಿರುವ ಉತ್ತಮ ಚಿಕಿತ್ಸೆಗಿಂತ ಇದು ಮೇಲೇ ಎಂಬುದನ್ನು ನೂರಾರು ರೋಗಿಗಳಲ್ಲಿ ಹೋಲಿಸಿ ನೋಡುವುದು ಮೂರನೆಯದು. ಈ ಕಡೆಯ ಹಂತದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ವೈದ್ಯರ ಒಲವಿಗೆ ಅಲ್ಲಿ ಅವಕಾಶವಿಲ್ಲ. ರೋಗಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ‘ದೊಡ್ಡ ಡಾಕ್ಟರಿಗೇ ಯಾವುದು ಒಳ್ಳೆಯದೆಂದು ಗೊತ್ತಿಲ್ಲವೆ?’ ಎಂದು ಅವನು ಕೇಳುತ್ತಾನೆ. ಗೊತ್ತಿಲ್ಲವೆಂಬುದೇ ಸತ್ಯ, ಗೊತ್ತಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ. ಈ ಸತ್ಯವನ್ನು ಎದೆಗುಂದಿಸದಂತೆ ಹೇಳುವ ಕಷ್ಟದ ಕೆಲಸ ಬಹುಮಟ್ಟಿಗೆ ಸಂಶೋಧನಾ ದಾದಿಯ ಪಾಲಿಗೆ ಬರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೆರೆಯಾಳುಗಳ ಮೇಲೆ ನಡೆದ ಕ್ರೂರ ಪ್ರಯೋಗಗಳು ಬಯಲಾದ ಮೇಲೆ, 1947ರ ನ್ಯೂರೆಂಬರ್ಗ್ ಸಂಹಿತೆ ಮತ್ತು 1964ರ ಹೆಲ್ಸಿಂಕಿ ಘೋಷಣೆಗಳು ಒಂದು ತತ್ತ್ವವನ್ನು ಸಾರಿದವು: ತಿಳಿದು ಒಪ್ಪಿದವರ ಮೇಲಲ್ಲದೆ ಪ್ರಯೋಗ ಸಲ್ಲದು, ಒಪ್ಪಿದವರೂ ಬೇಡವೆನಿಸಿದಾಗ ಹೊರಬರಬಹುದು. ಭಾರತದಲ್ಲಿ 2019ರ ನಿಯಮಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿವೆ. ಓದು ಬಾರದವರಿಗೆ ಪತ್ರವನ್ನು ಓದಿ ಹೇಳುವಾಗ ಪರೀಕ್ಷೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ರೋಗಿ ಮಗುವಾದರೆ ತಂದೆತಾಯಿಯರ ಒಪ್ಪಿಗೆ ಸಾಲದು. ತಿಳಿವಳಿಕೆ ಬಂದ ವಯಸ್ಸಿನ ಮಗುವನ್ನೂ ಕೇಳಬೇಕು. ಆದರೆ ನಿಯಮ ಕಾಗದದ ಮೇಲಿನದು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಬಂದ ತಂದೆ ಹತ್ತಾರು ಪುಟಗಳ ಒಪ್ಪಿಗೆ ಪತ್ರದಲ್ಲಿ ಹುಡುಕುವುದು ಒಂದೇ ಮಾತನ್ನು.

‘ಸಿಸ್ಟರಮ್ಮ, ಇದಕ್ಕೆ ಸೇರಿದರೆ ಮಗ ಉಳಿಯುತ್ತಾನೆಯೆ?’

‘ಉಳಿಯಲಿ ಎಂದೇ ಮಾಡುವುದು ಅಣ್ಣಾ. ಆದರೆ ಉಳಿದೇ ಉಳಿಯುತ್ತಾನೆ ಎಂದು ನಾನು ಹೇಳಲಾರೆ. ಸೇರದಿದ್ದರೂ ಈಗಿರುವ ಚಿಕಿತ್ಸೆ ನಿಲ್ಲುವುದಿಲ್ಲ. ಊರಿಗೆ ಫೋನು ಮಾಡಿ ಮನೆಯವರನ್ನು ಕೇಳಿ. ನಾಳೆ ಹೇಳಿದರೂ ಆದೀತು.’

ಒಳ್ಳೆಯ ದಾದಿಯ ಉತ್ತರ ಹೀಗಿರುತ್ತದೆ. ‘ಸೇರಿಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಸುಲಭ, ಕೇಳುವವನಿಗೂ ಹಿತ. ಆದರೆ ಅದು ಒಪ್ಪಿಗೆಯನ್ನು ಕದ್ದಂತೆ.

ರೋಗಿ ಸೇರಿದ ಮೇಲೆ ಲೆಕ್ಕದ ಕೆಲಸ ಮೊದಲಾಗುತ್ತದೆ. ಔಷಧ ಕೊಟ್ಟ ಗಳಿಗೆ, ಅನಂತರ ಗೊತ್ತಾದ ಹೊತ್ತಿಗೆ ತೆಗೆದ ರಕ್ತ, ವಾಂತಿಯಾಯಿತೆ, ಊಟ ಸೇರಿತೆ, ಬಾಯಿ ಹುಣ್ಣಾಯಿತೆ, ಎಲ್ಲವನ್ನೂ ಬರೆದಿಡಬೇಕು. ಬರೆಯದಿದ್ದುದು ನಡೆಯಲೇ ಇಲ್ಲವೆಂದು ಶಾಸ್ತ್ರ ಭಾವಿಸುತ್ತದೆ. ದಾದಿಯ ವೃತ್ತಿಗೂ ಅಂಕಿಗಳಿಗೂ ಏನು ನಂಟೆಂದು ಹುಬ್ಬೇರಿಸುವವರು, ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವುಗಳನ್ನು ಎಣಿಸಿ ಚಿತ್ರವಾಗಿ ಬಿಡಿಸಿ ಸರ್ಕಾರದ ಕಣ್ಣು ತೆರೆಸಿದುದನ್ನು ನೆನೆಯಬೇಕು.

ಅಂಕಿಗಳಲ್ಲಿ ಸಿಗದುದೂ ಉಂಟು. ‘ಇಮಾಟಿನಿಬ್’ ಎಂಬ ಮಾತ್ರೆಯ ಪರೀಕ್ಷೆ 1998ರಲ್ಲಿ ಬ್ರಯನ್ ಡ್ರೂಕರ್ ಎಂಬ ವೈದ್ಯರ ನೇತೃತ್ವದಲ್ಲಿ ಮೊದಲಾಯಿತು. ಅದು ವಯಸ್ಕರಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಅರ್ಬುದಕ್ಕೆಂದು ರೂಪಿಸಿದ ಮಾತ್ರೆ. ರೋಗದ ಮೊದಲ ಹಂತದಲ್ಲಿದ್ದು ಸಾಕಷ್ಟು ಪ್ರಮಾಣ ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಬಂದಿತು. ಪವಾಡದಂಥ ಈ ಮಾತ್ರೆಯೂ ಕಣ್ಣಿನ ಸುತ್ತ ಊತ, ಸ್ನಾಯುಸೆಳೆತ, ಓಕರಿಕೆಗಳನ್ನು ತರುತ್ತದೆ. ಪರೀಕ್ಷೆಯಿಂದ ತೆಗೆದುಹಾಕಿಯಾರೆಂಬ ಅಂಜಿಕೆಯಿಂದ ರೋಗಿ ಇಂಥವನ್ನು ವೈದ್ಯರಿಂದ ಬಚ್ಚಿಡುವುದುಂಟು. ದಾದಿಯ ಮುಂದೆ ಮಾತ್ರ ಬಾಯಿ ಬಿಡುತ್ತಾನೆ. ಉಳಿದ ಮಾತ್ರೆಗಳನ್ನು ಎಣಿಸುತ್ತ ಅವಳು, ‘ಇದೇನು, ಆರು ಹೆಚ್ಚಿಗೆ ಇವೆಯಲ್ಲ?’ ಎಂದು ಗದರಿಸದೆ ಕೇಳಿದಾಗ ನಿಜ ಹೊರಬೀಳುತ್ತದೆ.

ನಮ್ಮ ದೇಶದ ಅನುಭವವೂ ಇಲ್ಲಿ ಸಾಕ್ಷಿ ನುಡಿಯುತ್ತದೆ. 1984ರಿಂದ ಮುಂಬಯಿ, ಮದರಾಸು, ದೆಹಲಿಗಳ ಮೂರು ಆಸ್ಪತ್ರೆಗಳು ರಕ್ತದ ಅರ್ಬುದವಿದ್ದ ಮಕ್ಕಳಿಗೂ ತರುಣರಿಗೂ ಒಂದೇ ಕ್ರಮದ ಚಿಕಿತ್ಸೆಯನ್ನು ಕೊಡತೊಡಗಿದವು. ಅದಕ್ಕೆ ಮುಂಚೆ ನಾಲ್ಕು ವರ್ಷಗಳ ಕಾಲ ರೋಗ ಮರಳದೆ ಬದುಕಿದವರು ನೂರಕ್ಕೆ 20ಕ್ಕಿಂತ ಕಡಿಮೆ. ಹೊಸ ಕ್ರಮದಿಂದ ಅದು 45ರಿಂದ 60ಕ್ಕೆ ಏರಿತು. ಇದಕ್ಕೆ ಔಷಧವೊಂದೇ ಕಾರಣವಲ್ಲ. ಸೋಂಕು ತಡೆಯುವ, ಪಥ್ಯ ನೋಡಿಕೊಳ್ಳುವ, ರಕ್ತ ಒದಗಿಸುವ ಆರೈಕೆ ಸುಧಾರಿಸಿದುದೂ ಕಾರಣವೆಂದು ವೈದ್ಯರೇ ಒಪ್ಪಿದ್ದಾರೆ. ಆದರೂ ಔಷಧ ಕಂಡುಹಿಡಿದವರ ಹೆಸರು ಪುಸ್ತಕ ಸೇರುತ್ತದೆ, ರಾತ್ರಿಪಾಳಿಯವರ ಹೆಸರು ಹಾಜರಿಪುಸ್ತಕದಲ್ಲಿಯೇ ಉಳಿಯುತ್ತದೆ.

ಎಲ್ಲ ಪರೀಕ್ಷೆಗಳೂ ಗೆಲ್ಲುವುದಿಲ್ಲ. ಔಷಧ ನಾಟದೆ ಹೋದಾಗ ಪರೀಕ್ಷೆಯ ಕಡತ ಮುಚ್ಚುತ್ತದೆ. ರೋಗಿಯ ನೋವು ಮುಚ್ಚುವುದಿಲ್ಲ. ಆಗಲೂ ಅವನ ಬಳಿ ಕುಳಿತು, ನೋವು ತಗ್ಗಿಸುವ ಔಷಧ ಹೊತ್ತಿಗೆ ಸರಿಯಾಗಿ ಸಿಗುವಂತೆ ನೋಡುವುದು ಅವಳ ಕೆಲಸವೇ.

ಈಚಿನ ಚಿಕಿತ್ಸೆಯೊಂದರಲ್ಲಿ ರೋಗಿಯ ಬಿಳಿಯ ಕಣಗಳನ್ನೇ ಹೊರತೆಗೆದು, ಅರ್ಬುದದ ಕಣಗಳನ್ನು ಗುರುತಿಸುವಂತೆ ಪ್ರಯೋಗಶಾಲೆಯಲ್ಲಿ ಮಾರ್ಪಡಿಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಮುಂಬಯಿಯ ತಾಂತ್ರಿಕ ವಿದ್ಯಾಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು ರೂಪಿಸಿದ ಇಂಥ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. ಈ ಕಣಗಳು ಕೆಲವೊಮ್ಮೆ ಮೆದುಳನ್ನು ಬಾಧಿಸುತ್ತವೆ. ಬಾಧೆ ಮೊಳೆಯುವಾಗಲೇ ಪತ್ತೆಮಾಡಲು ದಾದಿ ಪ್ರತಿದಿನ ರೋಗಿಯನ್ನು ಕೇಳುತ್ತಾಳೆ: ಇದು ಯಾವ ಊರು? ಈ ವಸ್ತುವಿನ ಹೆಸರೇನು? ನೂರರಿಂದ ಹತ್ತು ಹತ್ತನ್ನು ಕಳೆಯುತ್ತ ಹೇಳಿ. ಕೊನೆಗೆ ಒಂದು ವಾಕ್ಯ ಬರೆಯಿಸುತ್ತಾಳೆ. ನಿನ್ನೆಯ ಸಾಲನ್ನು ಇಂದಿನ ಸಾಲಿನ ಪಕ್ಕದಲ್ಲಿಟ್ಟು ನೋಡುತ್ತಾಳೆ. ಅಕ್ಷರ ನಡುಗಿದ್ದರೆ, ಸಾಲು ಜಾರಿದ್ದರೆ, ಕೂಡಲೆ ವೈದ್ಯರಿಗೆ ಕರೆ ಹೋಗುತ್ತದೆ. ನೆಟ್ಟಗಿದ್ದರೆ ಹಾಳೆಯ ಮೇಲೆ ದಿನಾಂಕ ಹಾಕಿ, ಕಡತಕ್ಕೆ ಸೇರಿಸಿ, ಮುಂದಿನ ಹಾಸಿಗೆಗೆ ಹೋಗುತ್ತಾಳೆ.