ಮಾತು ತಪ್ಪಿದ ಗೌಡನಿಗೆ ಧಿಕ್ಕಾರ

ನನ್ನ ಹಾಗೆ ಮಕ್ಕಳ ಬೇಸಿಗೆ ಶಿಬಿರ ನಡೆಸುವ ಗೆಳೆಯರು ಚುನಾವಣೆ ಹತ್ತಿರ ಬಂದಾಗಲೆಲ್ಲ ಫೋನ್ ಮಾಡಿ ಕೇಳುತ್ತಾರೆ: ಮಕ್ಕಳು ಪಕ್ಷ, ಜಾತಿ ಅಂತ ಶುರುಮಾಡಿದರೆ ಏನು ಮಾಡೋದು? ‘ಇಲ್ಲಿ ರಾಜಕೀಯ ಮಾತಾಡಬಾರದು’ ಅಂತ ಮಾತ್ರ ಹೇಳಬೇಡಿ ಅನ್ನುತ್ತೇನೆ. ಹಾಗೆ ಹೇಳಿದ ಮೇಲೂ ಮಕ್ಕಳು ಮಾತಾಡುತ್ತಾರೆ, ನಮ್ಮ ಕಿವಿಗೆ ಬೀಳದ ಹಾಗೆ ಮಾತಾಡುತ್ತಾರೆ. ನಲ್ಲಿಯ ಹತ್ತಿರ ಡಬ್ಬಿ ತೊಳೆಯುವಾಗ, ಮುಖವಾಡ ಒಣಗಲು ಇಟ್ಟ ಮೂಲೆಯಲ್ಲಿ, ಮನೆಗೆ ಹೋಗುವ ಆಟೋದಲ್ಲಿ. ಅಲ್ಲಿ ಯಾವ ಮಗುವಿಗೆ ಏನಾಯಿತು ಅನ್ನುವುದು ಆ ಮಗು ಬರುವುದನ್ನು ಬಿಟ್ಟ ಮೇಲೆ ನಮಗೆ ತಿಳಿಯುತ್ತದೆ.

ನಮ್ಮದು ಹಾಸನ ಜಿಲ್ಲೆ. 2023ರ ಬೇಸಿಗೆ. ಮೇ 10ಕ್ಕೆ ವಿಧಾನಸಭೆಯ ಮತದಾನ. ಎಂದಿನ ಸರ್ಕಾರಿ ಶಾಲೆ ಮತಗಟ್ಟೆಯಾಗಿದ್ದರಿಂದ ಆ ಸಲ ಕೊಬ್ಬರಿ ವ್ಯಾಪಾರಿಯೊಬ್ಬರ ಖಾಲಿ ಗೋದಾಮಿನಲ್ಲಿ ಶಿಬಿರ ಮಾಡಿದೆವು. ರಸ್ತೆಗೆ ಅಂಟಿಕೊಂಡ ಜಾಗ. ಶಟರ್ ಎತ್ತಿದರೆ ಒಳಗೆ ನಡೆಯುವುದೆಲ್ಲ ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಐದರಿಂದ ಎಂಟನೇ ತರಗತಿಯ ಮಕ್ಕಳು. ತೆನೆ, ಕೈ, ಕಮಲ, ಮೂರು ಪಕ್ಷಗಳ ಗುರುತೂ ಅವರ ಬಾಯಲ್ಲಿ. ನಂದಿನಿ ಬೇಕಾ ಅಮುಲ್ ಬೇಕಾ ಅಂತ ಮಜ್ಜಿಗೆ ಪ್ಯಾಕೆಟ್ ಕೈಯಲ್ಲಿ ಹಿಡಿದೇ ಜಗಳ.

ಮೊದಲ ದೊಡ್ಡ ಮಾತು ಬಂದದ್ದು ಊಟದ ಹೊತ್ತಿನಲ್ಲಿ. ಆ ವರ್ಷದ ಮಾರ್ಚ್ 24ರಂದು ಆಗಿನ ಸರ್ಕಾರ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗಿದ್ದ ಶೇ 4ರ ಮೀಸಲಾತಿ ತೆಗೆದು, ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ 2ರಂತೆ ಹಂಚುವ ತೀರ್ಮಾನ ಮಾಡಿತ್ತು. ಏಳನೇ ತರಗತಿಯ ಹುಡುಗನೊಬ್ಬ ತಲೆಗೆ ದುಪ್ಪಟ್ಟಾ ಸುತ್ತಿದ ಹುಡುಗಿಗೆ ಎಲ್ಲರೆದುರು ಹೇಳಿದ: “ನಿಮ್ದು ನಾಲ್ಕು ಪರ್ಸೆಂಟು ಹೋಯ್ತಲ್ಲ, ನಮ್ಗೆ ಬಂತು.”

“ಏನು ನಾಲ್ಕು?” ಅಂದಳು ಅವಳು.

“ನಂಗೊತ್ತಿಲ್ಲ. ಬಂತು ಅಂತ ನಮ್ಮಪ್ಪ ಹೇಳ್ತು.”

ಅವನ ಕಡೆ ಹೋಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ನಾನು ಅವಳ ಪಕ್ಕ ಹೋಗಿ ಕೂತೆ. ಅವಳ ಡಬ್ಬಿಯಿಂದ ಒಂದು ತುತ್ತು ಚಿತ್ರಾನ್ನ ತಿಂದೆ. ಆಮೇಲೆ ಚೌಕಾಬಾರದ ಹುಣಸೆ ಬೀಜ ತರಿಸಿ ನೂರು ಎಣಿಸಲು ಎಲ್ಲರಿಗೂ ಹೇಳಿದೆ. ನೂರು ಬೀಜ ಅಂದರೆ ಕಾಲೇಜಿನ ನೂರು ಸೀಟು. ಅದರಲ್ಲಿ ನಾಲ್ಕನ್ನು ಬೇರೆ ಇಟ್ಟೆ. ಆ ನಾಲ್ಕರಲ್ಲಿ ಎರಡು ಈ ಕಡೆ, ಎರಡು ಆ ಕಡೆ ಸರಿಸಿದೆ. ಹುಡುಗ ಬಗ್ಗಿ ನೋಡಿ, “ಇಷ್ಟೇನಾ ಅಕ್ಕ?” ಅಂದ. ಹುಡುಗಿ ಆ ನಾಲ್ಕೂ ಬೀಜ ವಾಪಸ್ ತೆಗೆದುಕೊಂಡು ಅಂಗೈಲಿ ಇಟ್ಟುಕೊಂಡು, “ಇದಿದ್ರೆ ನಮ್ಮಕ್ಕಂಗೆ ನರ್ಸಿಂಗ್ ಸೀಟು ಸಿಕ್ತಿತ್ತಾ?” ಅಂತ ಕೇಳಿದಳು. ಮಾರ್ಕ್ಸ್ ಇದ್ದರೆ ಸಿಗಬಹುದಿತ್ತು, ಈ ಬೀಜ ಇಲ್ಲದಿದ್ದರೂ ಸಿಗಬಹುದು ಅಂದೆ. ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಅಂತ ನಾನು ಹೇಳಲಿಲ್ಲ. ಯಾರಿಗೆ ಓಟು ಹಾಕುತ್ತೀರಿ ಅಂತ ಕೇಳಿದ್ದಕ್ಕೂ ಹೇಳಲಿಲ್ಲ. ಅಪ್ಪ ಹೇಳಿದ್ದನ್ನು ತಂದ ಮಗುವಿಗೆ ನಿಮ್ಮಪ್ಪ ತಪ್ಪು ಅಂದರೆ ಅದು ಅಪ್ಪನ ಪರ ನಿಲ್ಲಲೇಬೇಕಾಗುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ. ಬೀಜ ಎಣಿಸಿದರೆ ಅದು ತಾನೇ ಕೇಳಲು ಶುರುಮಾಡುತ್ತದೆ.

ಆ ಸಲ ಸಮಾರೋಪಕ್ಕೆ ನಾವು ಆಡಿಸುತ್ತಿದ್ದದ್ದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಲಿ ಓಡಿಸಿದರೆ ಇಷ್ಟು ಕೊಡುತ್ತೇನೆ ಅಂದ ಗೌಡ ಕೆಲಸ ಆದ ಮೇಲೆ ಮಾತು ತಪ್ಪುತ್ತಾನೆ, ಜೋಗಿ ಊರಿನ ಮಕ್ಕಳನ್ನೇ ಕರೆದುಕೊಂಡು ಹೋಗುತ್ತಾನೆ. ಗೌಡನ ಪಾತ್ರ ನಾಲ್ಕು ಪರ್ಸೆಂಟಿನ ಆ ಹುಡುಗನದು. ದುಪ್ಪಟ್ಟಾದ ಹುಡುಗಿ ಇಲಿ. ಇಲಿಗಳೆಲ್ಲ ಹೊಳೆಗೆ ಬಿದ್ದ ಮೇಲೆ ಅದೇ ಮಕ್ಕಳು, ಬಾಲ ಬಿಚ್ಚದೆ, ಬೊಮ್ಮನಹಳ್ಳಿಯ ಮಕ್ಕಳಾಗುತ್ತಿದ್ದರು.

ರಿಹರ್ಸಲ್‌ನಲ್ಲಿ ಒಬ್ಬಳು ಕೇಳಿದಳು: “ಅಕ್ಕ, 200 ಯೂನಿಟ್ ಕರೆಂಟ್ ಫ್ರೀ ಅಂತವ್ರೆ, ಗೆದ್ದ ಮೇಲೆ ಕೊಡ್ದಿದ್ರೆ?” ಇನ್ನೊಬ್ಬ: “ಸಿಲಿಂಡರು ಸಾವಿರ ದಾಟೈತೆ, ಕಮ್ಮಿ ಮಾಡ್ತೀವಿ ಅಂದೋರು ಎಲ್ಲೋದ್ರು?” ಮಾತು ತಪ್ಪಿದವರನ್ನು ಜನ ಏನು ಮಾಡಬಹುದು ಅಂತ ಯೋಚನೆ ಮಾಡಿ ಅಂದೆ. ಜೋಗಿಯ ಹಾಗೆ ಮಕ್ಕಳನ್ನು ಒಯ್ಯುವುದು ಸರಿಯಲ್ಲ, ಮಕ್ಕಳು ಏನು ಮಾಡಿದ್ದರು ಅಂತ ಅವರೇ ವಾದ ಮಾಡಿ, ಊರಿನ ಮಕ್ಕಳು ಗೌಡನ ಮನೆ ಮುಂದೆ ಕೂತು ಕೂಗುವ ದೃಶ್ಯವೊಂದನ್ನು ಕಟ್ಟಿದರು. ಘೋಷಣೆಯನ್ನೂ ಅವರೇ ಮಾಡಿಕೊಂಡರು: “ಮಾತು ತಪ್ಪಿದ ಗೌಡನಿಗೆ ಧಿಕ್ಕಾರ!”

ಹಾಸನ ಜಿಲ್ಲೆ, ಚುನಾವಣೆ, ರಸ್ತೆ ಪಕ್ಕದ ಗೋದಾಮು, ಗೌಡನಿಗೆ ಧಿಕ್ಕಾರ. ಯಾರೋ ಪುಣ್ಯಾತ್ಮರು ಬೈಕ್ ನಿಲ್ಲಿಸಿ ವಿಡಿಯೋ ಮಾಡಿ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ಗೆ ಹಾಕಿದರು. ಆ ಆ್ಯಪ್‌ಗೆ ಬಂದ ದೂರನ್ನು 100 ನಿಮಿಷದಲ್ಲಿ ಇತ್ಯರ್ಥ ಮಾಡಬೇಕೆಂಬ ನಿಯಮವಿದೆ. ಚುನಾವಣಾ ಸಿಬ್ಬಂದಿ ಅದಕ್ಕೂ ಮುಂಚೆಯೇ ಬಂದರು.

ಜೀಪಿನಿಂದ ಇಳಿದದ್ದು ಫ್ಲೈಯಿಂಗ್ ಸ್ಕ್ವಾಡಿನ ಅಧಿಕಾರಿ, ಒಬ್ಬ ಕಾನ್‌ಸ್ಟೆಬಲ್, ಕ್ಯಾಮೆರಾ ಹಿಡಿದ ಒಬ್ಬ ಹುಡುಗ. ನಾನು ಎದುರು ಹೋಗಿ ಶಿಬಿರದ ಪರಿಚಯ ಹೇಳುತ್ತಿದ್ದ ಹಾಗೇ ಅಧಿಕಾರಿ ನನ್ನನ್ನು ದಾಟಿಕೊಂಡು ಒಳಗೆ ಹೋದರು. ಮಕ್ಕಳೆಲ್ಲ ಎದ್ದು ನಿಂತು “ನಮಸ್ತೇ ಸಾರ್” ಅಂದರು. ಬಾಲ ಕಟ್ಟಿಕೊಂಡೇ ಇದ್ದರು, ಕೆನ್ನೆಯ ಮೇಲೆ ಕಾಡಿಗೆಯ ಮೀಸೆ. ಅಧಿಕಾರಿ ಸುತ್ತ ನೋಡಿ, ಅಷ್ಟು ಮಕ್ಕಳಲ್ಲಿ ದುಪ್ಪಟ್ಟಾದ ಹುಡುಗಿಯ ಮುಂದೆ ಹೋಗಿ ನಿಂತರು.

“ಏನಮ್ಮ ಹೆಸರು?”

ಹೇಳಿದಳು.

“ಅಪ್ಪನ ಹೆಸರು?”

ಅದನ್ನೂ ಹೇಳಿದಳು. “ಓಹೋ” ಅಂದರು. ಆ ‘ಓಹೋ’ ಈಗಲೂ ನನ್ನ ಕಿವಿಯಲ್ಲಿದೆ. ಕ್ಯಾಮೆರಾ ಹುಡುಗ ಹತ್ತಿರ ಬಂದು ಅವಳ ಮುಖಕ್ಕೆ ಕ್ಯಾಮೆರಾ ಹಿಡಿದ.

“ಧಿಕ್ಕಾರ ಕೂಗೋಕೆ ಯಾರು ಹೇಳಿಕೊಟ್ಟಿದ್ದು? ಅಪ್ಪನಾ? ಯಾವ ಪಾರ್ಟಿ ನಿಮ್ಮಪ್ಪ?”

ಅವಳು ನನ್ನ ಕಡೆ ನೋಡಿದಳು. ಕೈ ಹಿಂದೆ ಹೋಯಿತು, ಬಟ್ಟೆಯ ಬಾಲವನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. “ಸಾರ್, ಕ್ಯಾಮೆರಾ ನನ್ನ ಕಡೆ ತಿರುಗಿಸಿ, ಏನು ಕೇಳಬೇಕೋ ನನ್ನನ್ನ ಕೇಳಿ” ಅಂತ ಮಧ್ಯ ಹೋಗಿ ನಿಂತೆ. “ನೀವು ಸುಮ್ನಿರಿ ಮೇಡಂ, ಮಕ್ಕಳು ಸುಳ್ಳು ಹೇಳಲ್ಲ” ಅಂದರು. ಅವರು ನನ್ನನ್ನು ಪಕ್ಕಕ್ಕೆ ಸರಿಯಲು ಕೈ ಸನ್ನೆ ಮಾಡುತ್ತಿರುವಾಗ ಹಿಂದಿನಿಂದ ಗೌಡ ಬಂದ. ತಲೆಯ ಮೇಲೆ ಹಳೇ ಸೀರೆಯ ಪೇಟ, ಹೊಟ್ಟೆಗೆ ದಿಂಬು.

“ಸಾರ್, ಅವಳು ಇಲಿ ಸಾರ್. ಗೌಡ ನಾನು. ಧಿಕ್ಕಾರ ಕೂಗಿದ್ದು ನಂಗೆ.”

ಅಧಿಕಾರಿ ಅವನ ಹೆಸರು ಕೇಳಿದರು. ಅಪ್ಪನ ಹೆಸರು ಕೇಳಲಿಲ್ಲ.

ಪುಸ್ತಕ ತಂದು ಕೊಟ್ಟೆ. ಕುವೆಂಪು ಪದ್ಯ, ನೀವೂ ಓದಿರುತ್ತೀರಿ ಅಂದೆ. ಅವರು ಪುಟ ತಿರುವಿ, “ಇದರಲ್ಲಿ ಧಿಕ್ಕಾರ ಎಲ್ಲಿದೆ ತೋರಿಸಿ” ಅಂದರು. ಅದು ಮಕ್ಕಳೇ ಸೇರಿಸಿದ್ದು ಅಂದೆ. “ಹಾಗಾದ್ರೆ ಗೌಡ ಅನ್ನೋದನ್ನ ಪಟೇಲ ಅಂತ ಮಾಡಿಸಿ, ತಪ್ಪಾಯ್ತು ಅಂತ ಮುಚ್ಚಳಿಕೆ ಬರೆದುಕೊಡಿ.” ನಾನು ಬರೆದುಕೊಟ್ಟೆ. ಏನು ನಾಟಕ, ಯಾರ ಕೃತಿ, ಯಾವ ದೃಶ್ಯ, ಅವರು ಯಾವ ಮಗುವನ್ನು ಏನು ಕೇಳಿದರು ಎಂಬಷ್ಟನ್ನೂ ಬರೆದು ಸಹಿ ಮಾಡಿದೆ. ತಪ್ಪಾಯ್ತು ಅಂತ ಬರೆಯಲಿಲ್ಲ. ಗೌಡ ಗೌಡನಾಗಿಯೇ ಉಳಿದ. ನಮ್ಮ ಭಾವನವರು ಇವತ್ತಿಗೂ, ಒಂದು ಮಾತು ಬರೆದುಕೊಟ್ಟಿದ್ದರೆ ನಿಂದೇನು ಗಂಟು ಹೋಗುತ್ತಿತ್ತು ಅನ್ನುತ್ತಾರೆ. ಆ ಮಕ್ಕಳು ಮಾಡಿದ್ದರಲ್ಲಿ ತಪ್ಪು ಏನಿತ್ತು? ಮಾದರಿ ನೀತಿ ಸಂಹಿತೆ ಇರುವುದು ಪಕ್ಷಗಳಿಗೆ, ಅಭ್ಯರ್ಥಿಗಳಿಗೆ, ಅಧಿಕಾರದಲ್ಲಿರುವವರಿಗೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳು ಅಭಿಪ್ರಾಯ ಹೇಳಬಹುದೆಂಬ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಸರ್ಕಾರದ ಆದೇಶವೇ ಇದೆ. ಅಲ್ಲಿ ಮೈಕ್ ಕೊಟ್ಟು ಕೇಳುವುದನ್ನು ಇಲ್ಲಿ ಜೀಪ್ ತಂದು ನಿಲ್ಲಿಸುವುದು ಯಾವ ನ್ಯಾಯ?

ದೂರಿನಲ್ಲಿ ಹುರುಳಿಲ್ಲವೆಂದು ಕೈಬಿಟ್ಟಿದ್ದಾರೆ ಅಂತ ತಾಲ್ಲೂಕು ಕಚೇರಿಗೆ ನಾನೇ ಹೋಗಿ ಕೇಳಿದಾಗ ಗೊತ್ತಾಯಿತು. ಬಂದು ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅಷ್ಟರಲ್ಲಿ ಹುಡುಗಿ ಶಿಬಿರ ಬಿಟ್ಟಿದ್ದಳು. ಮನೆಗೆ ಹೋದೆ. ಅವರಪ್ಪ ಕುರ್ಚಿ ಹಾಕಿ ಟೀ ತರಿಸಿ, “ನಿಮ್ ಮೇಲೆ ಬೇಜಾರಿಲ್ಲ ಮೇಡಂ. ಆದ್ರೆ ವಿಡಿಯೋ ಅವ್ರ ಹತ್ರ ಐತಲ್ಲ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮಾರೋಪದ ದಿನ ಗೌಡ ಚೆನ್ನಾಗಿ ಮಾಡಿದ, ಜನ ಶಿಳ್ಳೆ ಹೊಡೆದರು. ಅವಳು ಬರಲಿಲ್ಲ.

ಇದರಿಂದ ನಾನು ಮಾಡಿಕೊಂಡ ಏರ್ಪಾಡುಗಳು ದೊಡ್ಡವೇನಲ್ಲ. ಚುನಾವಣೆಯ ವರ್ಷವಾದರೆ ನಾಟಕದ ಪ್ರತಿ, ವೇಳಾಪಟ್ಟಿ, ಜಾಗದ ವಿವರವನ್ನು ಚುನಾವಣಾಧಿಕಾರಿಯ ಕಚೇರಿಗೆ ಮೊದಲೇ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಾಗಿಲ ಹತ್ತಿರ ಇಟ್ಟುಕೊಳ್ಳುತ್ತೇನೆ. ಯಾರೇ ಬಂದರೂ ಮಕ್ಕಳನ್ನು ಒಂಟಿಯಾಗಿ ಪ್ರಶ್ನಿಸಲು ಬಿಡುವುದಿಲ್ಲ, ಕ್ಯಾಮೆರಾ ಒಳಗೆ ಬಿಡುವುದಿಲ್ಲ. ಹಾಡು, ಚಿತ್ರ ಕಲಿಸಲು ಬರುವ ಹುಡುಗರು ತಮ್ಮ ಪಕ್ಷವನ್ನು ಶಟರಿನ ಆಚೆ ಬಿಟ್ಟು ಬರಬೇಕು. ವಾಟ್ಸ್ಆ್ಯಪ್ ಸ್ಟೇಟಸ್ ಮಕ್ಕಳೂ ನೋಡುತ್ತಾರೆ ಅಂತ ಅವರಿಗೆ ಹೇಳಿದ್ದೇನೆ. ಮಕ್ಕಳು ಏನಾದರೂ ಹೇಳಿದಾಗ “ಇದು ನೀನು ನೋಡಿದ್ದಾ, ಕೇಳಿದ್ದಾ?” ಅಂತ ಒಂದೇ ಪ್ರಶ್ನೆ ಕೇಳುತ್ತೇನೆ. ಇವೆಲ್ಲಕ್ಕಿಂತ ಮೊದಲು, ಮಾತು ಯಾರ ಮೇಲೆ ಬಿತ್ತೋ ಆ ಮಗುವಿನ ಪಕ್ಕ ಹೋಗಿ ಕೂರಬೇಕು. ಆಡಿದ ಮಗುವಿಗೆ ಆಮೇಲೆ ಹೇಳಿದರಾಯಿತು.

2024ರಲ್ಲಿ ಇದೇ ಕೈಹಿಡಿಯಿತು. ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ. ಮಕ್ಕಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ ಫೆಬ್ರುವರಿಯಲ್ಲೇ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿತ್ತು. ಮತದಾನಕ್ಕೆ ಕೆಲವೇ ದಿನ ಇರುವಾಗ, ಹೆಂಗಸರ ಖಾಸಗಿ ವಿಡಿಯೋಗಳಿದ್ದ ಹಾಸನದ ಪೆನ್‌ಡ್ರೈವ್ ಊರೂರಿಗೆ ಹರಡಿದ್ದನ್ನು ಮಾತ್ರ ಯಾವ ಆಯೋಗವೂ ಮಕ್ಕಳಿಂದ ದೂರ ಇಡಲಿಲ್ಲ. ಎಂಟನೇ ತರಗತಿಯ ಹುಡುಗರು ಮೂಲೆಯಲ್ಲಿ ಕೂತು ಪೆನ್‌ಡ್ರೈವ್ ಅಂತ ನಗುತ್ತಿದ್ದರು. ಹುಡುಗಿಯರು ಅವರ ಹತ್ತಿರ ಕೂರುವುದನ್ನೇ ಬಿಟ್ಟಿದ್ದರು.

ಆವತ್ತು ನಾಟಕ ನಿಲ್ಲಿಸಿದೆ. ಮೊದಲು ಹುಡುಗಿಯರ ಜೊತೆ ಕೂತು, ನಿಮಗೆ ಯಾರಾದರೂ ಏನಾದರೂ ತೋರಿಸಿದರಾ, ಕಳಿಸಿದರಾ ಅಂತ ಕೇಳಿದೆ. ಹಾಗೇನಾದರೂ ಆದರೆ 1098ಕ್ಕೆ ಕರೆ ಮಾಡಬಹುದು, ಅದು ಮಕ್ಕಳ ಸಹಾಯವಾಣಿ ಅಂತ ಬೋರ್ಡಿನ ಮೇಲೆ ದಪ್ಪಗೆ ಬರೆದೆ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು, ಯಾವ ಪಕ್ಷದ ಹೆಸರೂ ಎತ್ತದೆ ಹೇಳಿದೆ: ಆ ವಿಡಿಯೋಗಳಲ್ಲಿ ಇರುವ ಹೆಂಗಸರು ಯಾರದೋ ಅಮ್ಮ, ಅಕ್ಕ, ಚಿಕ್ಕಮ್ಮ. ನಮ್ಮ ಜಿಲ್ಲೆಯವರೇ. ಅವರಿಗೆ ಅನ್ಯಾಯ ಆಗಿದೆಯಾ ಅಂತ ನೋಡಲು ಪೊಲೀಸರಿದ್ದಾರೆ, ಕೋರ್ಟಿದೆ. ನೋಡುವುದು, ಕಳಿಸುವುದು, ಅದನ್ನು ಹೇಳಿ ನಗುವುದು ಅವರಿಗೆ ಇನ್ನೊಂದು ಅನ್ಯಾಯ. ಒಬ್ಬ ಹುಡುಗ, “ನಮ್ಮನೇಲಿ ದೊಡ್ಡೋರೇ ನೋಡ್ತಾ ಇದ್ರು” ಅಂದ. ಅಲ್ಲಿಂದ ಎದ್ದು ಬಾ, ಅಷ್ಟು ಮಾಡಬಹುದು ನೀನು ಅಂದೆ.

ಸಂಜೆ ಅವನ ಅಪ್ಪ ಫೋನ್ ಮಾಡಿದರು. ಮಕ್ಕಳಿಗೆ ಹಾಡು, ಕುಣಿತ ಕಲಿಸಿ ಅಂತ ಕಳಿಸಿದರೆ ಇದೆಲ್ಲ ಯಾಕೆ ಹೇಳ್ತೀರಿ ಅಂದರು. ವಿಷಯ ನಿಮ್ಮ ಮನೆಯಿಂದಲೇ ಬಂದದ್ದು ಅಂದೆ. ಮಾರನೇ ದಿನ ಹುಡುಗ ಬರಲಿಲ್ಲ, ಅದಕ್ಕೆ ನನಗೆ ದುಃಖವಿದೆ. ಉಳಿದವರು ಬಂದರು. ಹುಡುಗಿಯರು ತಮ್ಮ ಬೇರೆ ಸಾಲು ಬಿಟ್ಟು ಮತ್ತೆ ಗುಂಪಿನೊಳಗೆ ಕೂತರು.

ಈಗ ಶಿಬಿರದ ಅರ್ಜಿಯಲ್ಲಿ, ಶುಲ್ಕದ ಸಾಲಿನ ಮೇಲೆಯೇ ಹೀಗೆ ಅಚ್ಚು ಹಾಕಿಸಿದ್ದೇವೆ: ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ಇಲ್ಲಿ ಮಾತಾಡುತ್ತಾರೆ. ನಾವು ತಡೆಯುವುದಿಲ್ಲ. ಇನ್ನೊಂದು ಮಗುವಿಗೆ ನೋವಾದರೆ ಸುಮ್ಮನಿರುವುದೂ ಇಲ್ಲ. ಒಪ್ಪಿಗೆಯಿದ್ದರೆ ಸಹಿ ಮಾಡಿ.